214 ಆಟ, ವಾರಕ್ಕೆ ಎರಡು ತಾಸು

ನಮ್ಮ ಮಗನ ಹತ್ತಿರ 214 ವಿಡಿಯೋ ಗೇಮ್‌ಗಳಿವೆ. ಅವನ್ನಿಡಲು ಕಪಾಟು ಬೇಕಿಲ್ಲ, ಧೂಳು ಒರೆಸುವ ಕೆಲಸವೂ ಇಲ್ಲ. ಎಲ್ಲವೂ ಅವನ ಲ್ಯಾಪ್‌ಟಾಪಿನ ಒಂದು ಪಟ್ಟಿಯಲ್ಲಿ ಕುಳಿತಿವೆ. ಅವನಿಗೆ ಈಗ 43 ವರ್ಷ, ಪುಣೆಯಲ್ಲಿ ನೌಕರಿ. ಈ ಸಲ ಮಾಯಕ್ಕದೇವಿಯ ಜಾತ್ರೆಗೆ ಎಲ್ಲರೂ ಚಿಂಚಲಿಗೆ ಬಂದಿದ್ದಾಗ ಹನ್ನೆರಡು ವರ್ಷದ ಮೊಮ್ಮಗ ಆ ಪಟ್ಟಿಯನ್ನು ನನ್ನ ಮುಂದೆ ಹಿಡಿದ.

"ಅಜ್ಜಾ, ಇದರಾಗ ಅಪ್ಪ ಎಷ್ಟು ಆಡ್ಯಾನ, ಹೇಳು ನೋಡೂಣು?"

ಪ್ರತಿ ಆಟದ ಮುಂದೆ ಅದನ್ನು ಎಷ್ಟು ತಾಸು ಆಡಲಾಗಿದೆ ಎಂದು ಕಂಪ್ಯೂಟರೇ ಬರೆದಿಡುತ್ತದೆ. ಕೊನೆತನಕ ಆಡಿ ಮುಗಿಸಿದ್ದು 9. ಅರ್ಧಕ್ಕೆ ಬಿಟ್ಟದ್ದು 28. ಉಳಿದ 177 ಆಟಗಳ ಮುಂದೆ ದುಂಡಗಿನ ಸೊನ್ನೆ. ಜೀವಮಾನವೆಲ್ಲ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನಿಗೆ ಇಷ್ಟು ಸೊನ್ನೆ ಒಟ್ಟಿಗೆ ಕಂಡರೆ ಸುಮ್ಮನಿರಲು ಆಗುತ್ತದೆಯೇ? ಕನ್ನಡಕ ಹಾಕಿಕೊಂಡು ಪೆನ್ನು ಹುಡುಕಿದೆ.

ಮೊದಲು ಇಷ್ಟು ಆಟಗಳು ಒಬ್ಬನ ಹತ್ತಿರ ಹೇಗೆ ಕೂಡುತ್ತವೆ ಎಂಬುದನ್ನು ನನ್ನಂಥ ಅಜ್ಜ-ಅಜ್ಜಿಯರಿಗಾಗಿ ಹೇಳುತ್ತೇನೆ. ಹಿಂದೆ ಆಟ ಅಂದರೆ ಅಂಗಡಿಯಿಂದ ತರುವ ಕ್ಯಾಸೆಟ್ಟು ಅಥವಾ ಸಿ.ಡಿ. ಈಗ ಅಂಗಡಿಯೇ ಕಂಪ್ಯೂಟರಿನೊಳಗೆ ಬಂದಿದೆ. ಇಂಥವುಗಳಲ್ಲಿ ಬಹು ದೊಡ್ಡದಾದ 'ಸ್ಟೀಮ್' ಅನ್ನು ಅಮೆರಿಕದ ವಾಲ್ವ್ ಕಂಪನಿ 2003ರಲ್ಲಿ ಶುರುಮಾಡಿತು. ನಮ್ಮ ಬಟ್ಟೆ ಅಂಗಡಿಗಳ ಆಷಾಢದ ಸೇಲ್ ಹಾಗೆ ಅಲ್ಲಿಯೂ ಬೇಸಿಗೆಗೊಂದು, ಚಳಿಗಾಲಕ್ಕೊಂದು ಸೇಲ್ ಇರುತ್ತದೆ. ಸಾವಿರ ರೂಪಾಯಿಯ ಆಟ ಇನ್ನೂರಕ್ಕೆ ಸಿಕ್ಕರೆ ಯಾರು ಬಿಟ್ಟಾರು? 2018ರಲ್ಲಿ ಬಾಗಿಲು ತೆರೆದ ಎಪಿಕ್ ಎಂಬ ಇನ್ನೊಂದು ಅಂಗಡಿ ಈಗ ವಾರಕ್ಕೊಂದಾದರೂ ಆಟವನ್ನು ಪುಕ್ಕಟೆಯಾಗಿಯೇ ಕೊಡುತ್ತದೆ. ಒಂದು ಬಟನ್ ಒತ್ತಿದರೆ ಆಟ ನಮ್ಮ ಪಟ್ಟಿಗೆ ಜಮಾ.

ಇನ್ನು ನನ್ನ ಲೆಕ್ಕ. ಮಕ್ಕಳೇ, ನೀವೂ ಜೊತೆಗೆ ಮಾಡಿ. ಒಂದು ಆಟ ಮುಗಿಸಲು ಸರಾಸರಿ ಹತ್ತು ತಾಸು ಎಂದು ಇಟ್ಟುಕೊಳ್ಳೋಣ. ತೆರೆಯದ 177 ಆಟಗಳಿಗೆ 1770 ತಾಸು. ನಮ್ಮ ಮಗನಿಗೆ ಬಿಡುವು ಸಿಗುವುದು ವಾರಕ್ಕೆ ಹೆಚ್ಚೆಂದರೆ ಎರಡು ತಾಸು, ಅಂದರೆ ವರ್ಷಕ್ಕೆ 104. ಭಾಗಿಸಿದರೆ 17 ವರ್ಷ. ಅವನು ಕೊನೆಯ ಆಟ ಮುಗಿಸುವ ಹೊತ್ತಿಗೆ 60 ತುಂಬಿ ನೌಕರಿಯಿಂದ ನಿವೃತ್ತನಾಗುತ್ತಾನೆ. ಮೊಮ್ಮಗನಿಗೆ ಆಗ 29. ನನ್ನ ವಯಸ್ಸು ಎಷ್ಟಾಗುತ್ತದೆ ಎಂದು ಅವನು ಕೂಡಿಸಲು ಹೊರಟ. "ಅದು ಸಿಲೆಬಸ್‌ದಾಗ ಇಲ್ಲ, ಬಿಡು" ಅಂದೆ.

ಇದೂ ಹೊಸ ಆಟ ಒಂದನ್ನೂ ಸೇರಿಸದಿದ್ದರೆ ಮಾತ್ರ. ವಾರಕ್ಕೊಂದು ಪುಕ್ಕಟೆ ಆಟ ತೆಗೆದುಕೊಂಡರೂ ವರ್ಷಕ್ಕೆ 52 ಬಂದು ಸೇರುತ್ತವೆ. ವರ್ಷದಲ್ಲಿ ಆಡಿ ಮುಗಿಸಬಹುದಾದದ್ದು ಹತ್ತು. ಅಂದರೆ ಒಂದು ರೂಪಾಯಿ ಖರ್ಚು ಮಾಡದೆಯೂ ಬಾಕಿ ವರ್ಷಕ್ಕೆ 42ರಂತೆ ಬೆಳೆಯುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಜಮಾ ಹೆಚ್ಚು, ಖರ್ಚು ಕಡಿಮೆ. ಹಣವಾಗಿದ್ದರೆ ಮ್ಯಾನೇಜರು ಎದ್ದು ನಿಂತು ಕೈಕುಲುಕುತ್ತಿದ್ದರು.

ಆದರೆ ಹಣಕ್ಕೂ ಆಟಕ್ಕೂ ವ್ಯತ್ಯಾಸ ಇದೆ. ಎರಡು ವರ್ಷ ಯಾವ ವ್ಯವಹಾರವೂ ಇಲ್ಲದ ಉಳಿತಾಯ ಖಾತೆಯನ್ನು ಬ್ಯಾಂಕು ನಿಷ್ಕ್ರಿಯ ಖಾತೆ ಎಂದು ಗುರುತು ಮಾಡುತ್ತದೆ. ಹತ್ತು ವರ್ಷ ಹಾಗೆಯೇ ಮಲಗಿದರೆ ಆ ಹಣ ರಿಸರ್ವ್ ಬ್ಯಾಂಕು 2014ರಲ್ಲಿ ಸ್ಥಾಪಿಸಿದ ಠೇವಣಿದಾರರ ನಿಧಿಗೆ ಹೋಗುತ್ತದೆ. ಹಾಗಂತ ಅದು ಮುಳುಗುವುದಿಲ್ಲ. ಖಾತೆದಾರ ಬಂದರೂ ಅವನ ವಾರಸುದಾರರು ಬಂದರೂ ದಾಖಲೆ ತೋರಿಸಿ ಹಿಂದಕ್ಕೆ ಪಡೆಯಬಹುದು. ಇನ್ನು ನಾಮಿನಿಯ ಸೌಕರ್ಯ. 2025ರ ನವೆಂಬರಿನಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿ ಹಾಕಬಹುದು.

ಆಟದ ಪಟ್ಟಿಗೆ ನಾಮಿನಿ ಇಲ್ಲ! ಸ್ಟೀಮ್ ಖಾತೆಯನ್ನು ಉಯಿಲು ಬರೆದು ಮಕ್ಕಳಿಗೆ ಬಿಟ್ಟುಹೋಗಲು ಬರುವುದಿಲ್ಲ ಎಂದು ಆ ಅಂಗಡಿಯವರು ತಿಳಿಸಿದ್ದು 2024ರಲ್ಲಿ ಸುದ್ದಿಯಾಗಿತ್ತು. ಕಾರಣ, ಅಲ್ಲಿ ನಾವು ಕೊಳ್ಳುವುದು ಆಟವನ್ನಲ್ಲ, ಆಡಲು ಒಂದು ಪರವಾನಗಿಯನ್ನು. ಅದೇ ವರ್ಷ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಈ ಮಾತನ್ನು ಗಿರಾಕಿಗೆ ಸ್ಪಷ್ಟವಾಗಿ ಹೇಳಲೇಬೇಕೆಂದು ಕಾನೂನು ಮಾಡಿತು. ಇದ್ದಾಗ ಒಂದೇ ಮನೆಯ ಆರು ಜನ ಹಂಚಿಕೊಂಡು ಆಡಬಹುದು ಎಂಬ ಸೌಕರ್ಯ ಸ್ಟೀಮ್‌ನಲ್ಲಿ ಉಂಟು. ಅದನ್ನು ಕೇಳಿದಾಗ ನನಗೆ ಸಮಾಧಾನವಾಯಿತು. ಇದ್ದಾಗಲೇ ಹಂಚಿಕೋ ಎನ್ನುವ ಮಾತು ಕಂಪ್ಯೂಟರಿಗಿಂತ ಹಳೆಯದು.

ಇಷ್ಟೆಲ್ಲ ಲೆಕ್ಕ ಹಾಕಿದೆನೆಂದು ಮಗನನ್ನು ಬೈದೆ ಎಂದುಕೊಳ್ಳಬೇಡಿ. ಅವನು ಯಾಕೆ ಕೊಳ್ಳುತ್ತಾನೆಂದು ನನಗೆ ಗೊತ್ತು. 1993ರ ದೀಪಾವಳಿ ರಜೆ, ಅವನಿಗೆ ಆಗ ಹನ್ನೊಂದು. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ತಂದ ಯಂತ್ರದ ನಕಲುಗಳು ನಮ್ಮ ಪೇಟೆಗಳಿಗೂ ಬಂದಿದ್ದವು. ಕೊಳ್ಳುವುದು ಗುಮಾಸ್ತನ ಸಂಬಳಕ್ಕೆ ಹೊಂದುವ ಮಾತಾಗಿರಲಿಲ್ಲ, ಎರಡು ದಿನದ ಬಾಡಿಗೆಗೆ ತಂದೆ. ಕ್ಯಾಸೆಟ್ಟಿನ ಮೇಲೆ 64 ಆಟ ಎಂದು ಬರೆದಿತ್ತು. ನೋಡಿದರೆ ಐದಾರೇ ಆಟ ಬೇರೆ ಬೇರೆ ನಂಬರಿನಲ್ಲಿ ತಿರುಗಿ ತಿರುಗಿ ಬರುತ್ತಿದ್ದವು. ಓಣಿಯ ಹುಡುಗರೆಲ್ಲ ಪಡಸಾಲೆಯಲ್ಲಿ ತುಂಬಿಕೊಂಡರು. ಕಾಂಟ್ರಾ ಎಂಬ ಆಟದಲ್ಲಿ ಇಬ್ಬರು ಸೈನಿಕರು ಜೊತೆಯಾಗಿ ಓಡುತ್ತಾರೆ. ಆಡುವವರು ಇಬ್ಬರು, ಹೇಳಿಕೊಡುವವರು ಇಪ್ಪತ್ತು! ಕರೆಂಟು ಹೋದರೆ ಎಲ್ಲರೂ ಕತ್ತಲಲ್ಲೇ ಕುಳಿತು ಕಾಯುವರು, ಒಬ್ಬನೂ ಮನೆಗೆ ಹೋಗುತ್ತಿರಲಿಲ್ಲ.

ಮೂರನೆಯ ದಿನ ಯಂತ್ರ ಹಿಂದಕ್ಕೆ ಹೋಯಿತು. ಆ ಹುಡುಗ ಮೂವತ್ತು ವರ್ಷ ದಾಟಿದ ಮೇಲೂ ಅದನ್ನು ಮರಳಿ ಕೊಳ್ಳುತ್ತಲೇ ಇದ್ದಾನೆ. ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿ, ದಣಿದ ಕಣ್ಣಿನಲ್ಲಿ ಒಂದು ಆಟ ಕೊಳ್ಳುವಾಗ ಅವನಿಗೆ ಬೇಕಾದದ್ದು ಆ ಆಟವಲ್ಲ. ಅದನ್ನು ಆಡುವಂಥ ಒಂದು ಸಂಜೆ ಬೇಕು. ಆಟಕ್ಕೆ ರಿಯಾಯಿತಿ ಇದೆ, ಸಂಜೆಯನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ಈ ರೋಗ ಅವನೊಬ್ಬನದೇ ಅಲ್ಲ. ಪುಸ್ತಕ ಕೊಂಡು ಓದದೆ ಪೇರಿಸಿಡುವುದಕ್ಕೆ ಜಪಾನಿಗಳಲ್ಲಿ 'ಸುಂಡೋಕು' ಎಂಬ ಪದವೇ ಇದೆ. ನಮ್ಮ ಮನೆಯ ಟ್ರಂಕಿನಲ್ಲಿ ಮಡಿಕೆ ಮುರಿಯದ ಇಳಕಲ್ ಸೀರೆಗಳಿವೆ, ಅವುಗಳ ಸಂಖ್ಯೆ ಬರೆದರೆ ಮನೆಯಲ್ಲಿ ಊಟ ಸಿಗಲಿಕ್ಕಿಲ್ಲ. ಇರಲಿ. ಆಗಾಗ ತೆಗೆದು ನೋಡಿ ಖುಷಿಪಡುವುದೂ ಒಂದು ಖುಷಿಯೇ.

ಆದರೂ ಒಂದೇ ಆಟ ಎಷ್ಟು ದೂರ ಕರೆದೊಯ್ಯಬಲ್ಲದು ಎಂಬುದಕ್ಕೆ ಮೊಮ್ಮಗನೇ ಒಂದು ಕಥೆ ಹೇಳಿದ. ನಮ್ಮ ಜಾತ್ರೆಯ ಆಟಿಗೆ ಅಂಗಡಿಗಳಲ್ಲಿ '9999 ಆಟ' ಎಂದು ಬರೆದ ಅಂಗೈಯಗಲದ ಪ್ಲಾಸ್ಟಿಕ್ ಯಂತ್ರ ನೋಡಿದ್ದೀರಲ್ಲ? ಮೇಲಿನಿಂದ ಇಟ್ಟಿಗೆಗಳು ಬೀಳುತ್ತವೆ, ನಾವು ಹೊಂದಿಸಬೇಕು. ವೇಗ ಬದಲಾದಾಗಲೆಲ್ಲ ಹೊಸ ಆಟ ಎಂದು ಎಣಿಸಿ 9999 ಮಾಡಿರುತ್ತಾರೆ. ಅದರ ಮೂಲ ಟೆಟ್ರಿಸ್. ಮಾಸ್ಕೋದ ಅಲೆಕ್ಸಿ ಪಜಿತ್ನೋವ್ ಎಂಬವರು 1984ರಲ್ಲಿ ರಚಿಸಿದ್ದು. ನಿಂಟೆಂಡೊ 1989ರಲ್ಲಿ ಹೊರತಂದ ಟೆಟ್ರಿಸ್‌ಗೆ ಕೊನೆ ಎಂಬುದನ್ನು ಆಡುವ ಯಾವ ಮನುಷ್ಯನೂ ಕಂಡಿರಲಿಲ್ಲ. 2023ರ ಡಿಸೆಂಬರಿನಲ್ಲಿ ಅಮೆರಿಕದ ಹದಿಮೂರು ವರ್ಷದ ಹುಡುಗನೊಬ್ಬ 157ನೇ ಹಂತ ಮುಟ್ಟಿದಾಗ ಆಟವೇ ಮುಂದೆ ಹೋಗಲಾರದೆ ನಿಂತುಬಿಟ್ಟಿತು. ಅವನು ಆ ಆಟ ಕಲಿಯಲು ಶುರುಮಾಡಿ ಎರಡು ವರ್ಷವಾಗಿತ್ತು. ಹೇಳುವಾಗ ಮೊಮ್ಮಗನ ಕಣ್ಣು ಅರಳಿದ್ದವು. 214ರ ಪಟ್ಟಿ ತೋರಿಸುವಾಗ ಅವು ಹಾಗೆ ಅರಳಿರಲಿಲ್ಲ.

ನಾನು ಅವನಿಗೆ ಚೌಕಾಬಾರ ಹೇಳಿಕೊಟ್ಟೆ. ಕಟ್ಟೆಯ ಮೇಲೆ ಸುಣ್ಣದ ಕಡ್ಡಿಯಿಂದ ಐದು-ಐದು ಮನೆ, ಒಂದು ಬದಿ ತಿಕ್ಕಿ ಬಿಳಿ ಮಾಡಿದ ನಾಲ್ಕು ಹುಣಸೆ ಬೀಜ, ಕಾಯಿಗಳಿಗೆ ಬಳೆ ಚೂರು. ನಮ್ಮ ಕಾಲದಲ್ಲಿ ಎಲ್ಲ ಚೆನ್ನಾಗಿತ್ತು ಎಂದು ಹೇಳಲು ಇದನ್ನು ಎತ್ತಲಿಲ್ಲ. ನಮ್ಮ ಹತ್ತಿರ ಆಟದ ಸಾಮಾನು ಇರಲಿಲ್ಲ, ಆಡುವ ಜನ ಇದ್ದರು. ಈಗ ಸಾಮಾನು 214, ಆಡಲು ಎದುರಿಗೆ ಕೂರುವವರಿಲ್ಲ. ಎರಡು ಆಟ ಸೋತ ಮೇಲೆ ಮೊಮ್ಮಗ ಮೆಲ್ಲಗೆ ಕೇಳಿದ:

"ಅಜ್ಜಾ, ಇಬ್ಬರು ಕೂಡಿ ಆಡೋ ಗೇಮ್ ಅಪ್ಪನ ಹತ್ರ ಭಾಳ ಅದಾವ. ಅಂವ ಯಾಕ ನನ್ನ ಕರೆಯೂದಿಲ್ಲ?"

ಇಡೀ ಪಟ್ಟಿಯಲ್ಲಿ ಮುಖ್ಯವಾದ ಬಾಕಿ ಇದು. ಆ ರಾತ್ರಿ ಊಟವಾದ ಮೇಲೆ ಮಗನನ್ನು ಕೂರಿಸಿ ಅದೇ ಪ್ರಶ್ನೆಯನ್ನು ಅವನ ಮುಂದಿಟ್ಟೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಲ್ಯಾಪ್‌ಟಾಪ್ ತೆಗೆದ. 177ರಲ್ಲಿ ಇಬ್ಬರು ಪಕ್ಕದಲ್ಲಿ ಕುಳಿತು ಆಡಬಹುದಾದವು 14. ಅವುಗಳಲ್ಲಿ ಮಕ್ಕಳಿಗೆ ತಕ್ಕವು 6. ಆರರಲ್ಲಿ ಒಂದನ್ನು ಆರಿಸುವ ಹಕ್ಕನ್ನು ಮೊಮ್ಮಗನಿಗೆ ಕೊಟ್ಟೆವು. ಶನಿವಾರ ಸಂಜೆ ಏಳರಿಂದ ಒಂಬತ್ತು, ಇದು ಮುಗಿಯುವ ತನಕ ಇನ್ನೊಂದು ಕೊಳ್ಳುವಂತಿಲ್ಲ ಎಂದು ಕರಾರಾಯಿತು.

ಅದಕ್ಕೊಂದು ಲೆಡ್ಜರನ್ನೂ ಮೊಮ್ಮಗನಿಗೆ ಗೆರೆ ಹಾಕಿ ಕೊಟ್ಟೆ. ನಾಲ್ಕೇ ಅಂಕಣ: ಆಟದ ಹೆಸರು, ಬಂದ ದಿನ, ಆಡಿದ ದಿನ, ಯಾರ ಜೊತೆ. ಮಕ್ಕಳೇ, ನೀವೂ ಮಾಡಿ ನೋಡಿ. ವಿಡಿಯೋ ಗೇಮ್ ಇಲ್ಲದಿದ್ದರೆ ಪುಸ್ತಕಕ್ಕೆ, ಬಣ್ಣದ ಪೆಟ್ಟಿಗೆಗೆ, ಕೇರಮ್ ಬೋರ್ಡಿಗೆ. ನಾಲ್ಕನೆಯ ಅಂಕಣ ಖಾಲಿ ಉಳಿದರೆ ಹೊಸ ವಸ್ತು ಕೇಳುವ ಮೊದಲು ಒಬ್ಬರನ್ನು ಕರೆಯಿರಿ. ಅಜ್ಜ-ಅಜ್ಜಿಯರಿಗೆ ಒಂದು ಮಾತು: ಅವರು ಕರೆದರೆ 'ನನಗೆ ಇದೆಲ್ಲ ತಿಳಿಯೂದಿಲ್ಲ' ಎಂದು ಏಳಬೇಡಿ. ನಮ್ಮ ಹತ್ತಿರ ಇರುವುದೇ ಸಂಜೆಗಳು.

ಜಾತ್ರೆ ಮುಗಿದು ಅವರು ಪುಣೆಗೆ ಹೋದ ಮೇಲೆ ಎರಡು ಶನಿವಾರ ತಪ್ಪಿದವು, ಆಫೀಸಿನ ಕೆಲಸ. ಮೊಮ್ಮಗ ಅದನ್ನೂ ಕೆಂಪು ಶಾಯಿಯಲ್ಲಿ ಬರೆದ. ಯುಗಾದಿ ಕಳೆದ ಮೇಲೆ ಒಂದು ರಾತ್ರಿ ಒಂಬತ್ತೂವರೆಗೆ ಫೋನು ಬಂತು. ಹಿಂದಿನಿಂದ ಮಗನ ನಗೆ ಕೇಳುತ್ತಿತ್ತು. ಮುಗಿದ ಆಟದ ಹೆಸರನ್ನು ಮೊಮ್ಮಗ ಎರಡು ಸಲ ಹೇಳಿದರೂ ನನಗೆ ಹಿಡಿಯಲಿಲ್ಲ. ಈಗ ಬಾಕಿ 176. ಮುಂದಿನ ಶನಿವಾರಕ್ಕೆ ಯಾವುದು ಎಂದು ಅವರಿಬ್ಬರೂ ಜಗಳ ಶುರುಮಾಡಿದ್ದರು.