ಎರಡು ಗೆರೆಯ ಅಕ್ಷರ

ಚೀನೀ ಕಲಿಯಲು ಕೂತವರು ಮೊದಲು ಹೆದರುವುದು ಗೆರೆಗಳ ಲೆಕ್ಕಕ್ಕೆ. ಧನ್ಯವಾದ ಹೇಳುವ 'ಶ್ಯೆ' ಅಕ್ಷರಕ್ಕೆ 12 ಗೆರೆ, ಅದೂ ಸರಳಗೊಳಿಸಿದ ಮೇಲೆ. ಹಳೆಯ ರೂಪದಲ್ಲಿ 17. ಚೌಕಗಳ ಅಭ್ಯಾಸ ಪುಸ್ತಕದಲ್ಲಿ ಪುಟಗಟ್ಟಲೆ ಅದನ್ನೇ ತಿದ್ದಿದವನು ನಾನು. 'ಲ' ಎಂಬ ಅಕ್ಷರಕ್ಕೆ ಮಾತ್ರ ಒಂದು ಸಾಲನ್ನೂ ಖರ್ಚು ಮಾಡಲಿಲ್ಲ. ಇರುವುದೇ 2 ಗೆರೆ. ಎಡದಿಂದ ಬಲಕ್ಕೆ ಹೋಗಿ ಒಳಕ್ಕೆ ಮಡಚಿಕೊಳ್ಳುವುದೊಂದು, ಅಲ್ಲಿಂದ ಕೆಳಗಿಳಿದು ತುದಿಯಲ್ಲಿ ಎಡಕ್ಕೆ ಕೊಕ್ಕೆ ಹಾಕುವುದೊಂದು. ನಡುವೆ ಅಡ್ಡಗೆರೆ ಎಳೆದರೆ ಅದೇ 'ತ್ಸ' ಆಗುತ್ತದೆ, ಅಂದರೆ ಮಗು. ಕ್ರಿ.ಶ. 100ರ ಸುಮಾರಿಗೆ ಶು ಷೆನ್ ಸಿದ್ಧಪಡಿಸಿದ 'ಷ್ವೊವೆನ್ ಜ್ಯೆತ್ಸ' ನಿಘಂಟು ಈ ಅಕ್ಷರವನ್ನು ತೋಳಿಲ್ಲದ ಮಗು ಎಂದೇ ವಿವರಿಸುತ್ತದೆ. ತೋಳೇ ಇಲ್ಲದ್ದು ನನಗೇನು ಮಾಡೀತು ಅಂದುಕೊಂಡೆ.

ಅರ್ಥವೂ ಸಲೀಸಾಗಿ ಕಂಡಿತು. ಕ್ರಿಯಾಪದದ ಬೆನ್ನಿಗೆ 'ಲ' ಬಂದರೆ ಕೆಲಸ ಆಗಿದೆ ಎಂದರ್ಥ. ಇಂಗ್ಲಿಷಿನ ಭೂತಕಾಲದ 'ಎಡ್'ಗೆ ಸಮ ಎಂದು ಪುಸ್ತಕದ ಅಂಚಿನಲ್ಲಿ ಗುರುತು ಹಾಕಿಕೊಂಡೆ.

ಗ್ವಾಂಗ್‌ಝೌನಲ್ಲಿ ಆಗ ನನ್ನದು ಸರಕು ತಪಾಸಣೆಯ ಕೆಲಸ. ಒಂದು ಸಂಜೆ ಮೇಲಧಿಕಾರಿ ವೀಚಾಟ್ ಗುಂಪಿನಲ್ಲಿ, ಇಂಥ ಪೆಟ್ಟಿಗೆಗಳ ತಪಾಸಣೆ ಮಾಡಿದೆಯಾ ಎಂದು ಕೇಳಿದರು. ಮಾಡಿರಲಿಲ್ಲ. ಅನುವಾದದ ಆ್ಯಪ್ ಬೇಡ, ಸ್ವಂತವಾಗಿ ಬರೆಯೋಣ ಎಂಬ ಹುಮ್ಮಸ್ಸು. 'ಬು' ಅಂದರೆ ಇಲ್ಲ, 'ತ್ಸ್ವೊ' ಅಂದರೆ ಮಾಡು, ಹೋದ ಕಾಲದ ಮಾತಾದ್ದರಿಂದ ಕೊನೆಗೊಂದು 'ಲ'. 'ವೊ ಬು ತ್ಸ್ವೊ ಲ' ಎಂದು ಕಳಿಸಿದೆ. ಗುಂಪು ಗಪ್‌ಚಿಪ್. ಸ್ವಲ್ಪ ಹೊತ್ತಿಗೆ ಫೋನ್ ಬಂತು. ಅವರ ವೇಗದ ಮಾತಿನಲ್ಲಿ ನನಗೆ ಸಿಕ್ಕಿದ್ದು ಅಲ್ಲೊಂದು ಇಲ್ಲೊಂದು ಪದ. ತಿಳಿಯದಾಗ ಹೂಂಗುಟ್ಟುವುದು ನನ್ನ ಹಳೆಯ ಚಾಳಿ, ಹೂಂಗುಟ್ಟಿದೆ. ಮರುದಿನ ಹೋದರೆ ನನ್ನ ಕೆಲಸದ ಪಟ್ಟಿ ಬೇರೆಯವರ ಮೇಜಿನ ಮೇಲಿತ್ತು.

ನಾನು ಬರೆದದ್ದು 'ಮಾಡಲಿಲ್ಲ' ಅಂತಲ್ಲ. 'ನಾನಿನ್ನು ಮಾಡೋದಿಲ್ಲ' ಅಂತ. ಆ ಹೊತ್ತಿನಲ್ಲಿ, ಆ ಪ್ರಶ್ನೆಗೆ ಉತ್ತರವಾಗಿ ಓದಿದರೆ ಅದು ರಾಜೀನಾಮೆ. ಬರೆಯಬೇಕಿದ್ದದ್ದು 'ವೊ ಮೇಯ್ ತ್ಸ್ವೊ'. ಆಗದೇ ಹೋದದ್ದನ್ನು 'ಮೇಯ್' ಹೇಳುತ್ತದೆ, ಅಲ್ಲಿ 'ಲ'ಕ್ಕೆ ಕೆಲಸವೇ ಇಲ್ಲ. ಪಟ್ಟಿ ವಾಪಸ್ ಬಂತು, ಆದರೆ ಮುಂದೆ ಬಹಳ ದಿನ ನಾನು ಏನು ಬರೆದರೂ ಯಾರಾದರೂ ಫೋನ್ ಮಾಡಿ ಖಚಿತಪಡಿಸಿಕೊಳ್ಳುತ್ತಿದ್ದರು. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಗಂಟು ಬಿಡಿಸಿದ್ದು ಕ್ಯಾಂಟನೀಸ್ ಮನೆಮಾತಿನ ಸಹೋದ್ಯೋಗಿ. ಅವಳ ಮಾತಿನಲ್ಲಿ ಈ 'ಲ'ಕ್ಕೆ ಎರಡು ಬೇರೆ ಪದಗಳು: ಕ್ರಿಯಾಪದಕ್ಕೆ ಅಂಟುವುದು 'ಜೊ', ವಾಕ್ಯದ ಕೊನೆಗೆ ಬರುವುದು 'ಲಾ'. ಮ್ಯಾಂಡರಿನ್ ಎರಡನ್ನೂ ಒಂದೇ ಅಕ್ಷರದಲ್ಲಿ ಬರೆದು ಕೈತೊಳೆದುಕೊಂಡಿದೆ. ಲ್ಯೂ ಷೂಶ್ಯಾಂಗ್ ಸಂಪಾದಕತ್ವದಲ್ಲಿ 1980ರಲ್ಲಿ ಬಂದ 'ಎಂಟುನೂರು ಪದಗಳು' ಕೋಶವೂ 'ಲ'ವನ್ನು ಒಂದು, ಎರಡು ಎಂದು ನಂಬರು ಹಾಕಿ ಬೇರ್ಪಡಿಸುತ್ತದೆ. ಮೊದಲನೆಯದು ಕ್ರಿಯೆ ಮುಗಿದದ್ದನ್ನು ಹೇಳಿದರೆ, ಎರಡನೆಯದು ಪರಿಸ್ಥಿತಿ ಬದಲಾದದ್ದನ್ನು ಹೇಳುತ್ತದೆ. 'ಮೇಯ್ ಚ್ಯೆನ್' ಎಂದರೆ ದುಡ್ಡಿಲ್ಲ. ಅದಕ್ಕೇ 'ಲ' ಸೇರಿಸಿದರೆ ಇದ್ದ ದುಡ್ಡು ಖಾಲಿಯಾಯಿತು. ಸಾಲ ಕೇಳುವವನಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಇಷ್ಟಾದರೂ ನನಗೆ ಅದು ನಿಯಮವಾಗಿಯೇ ಉಳಿದಿತ್ತು. ಒಂದು ಮಧ್ಯಾಹ್ನ ಮೊದಲ ಹನಿ ಬೀಳುತ್ತಲೇ ಕಿಟಕಿಯ ಬಳಿ ಯಾರೋ 'ಶ್ಯಾ ಯ್ಯೂ ಲ!' ಅಂದರು. ಮಳೆ ನಿಂತಿರಲಿಲ್ಲ, ಈಗಷ್ಟೇ ಶುರುವಾಗಿತ್ತು. ನಮ್ಮ ಮನೆಯಲ್ಲಾಗಿದ್ದರೆ 'ಅಯ್ಯೋ, ಮಳೆ ಬಂತು, ಬಟ್ಟೆ ತೆಗೀರಿ' ಅನ್ನುತ್ತಿದ್ದರು. ಆಮೇಲೆ ಸಾಲುಸಾಲಾಗಿ ಹೊಳೆಯಿತು. ಬಾಗಿಲು ತಟ್ಟಿದವರಿಗೆ ಒಳಗಿನಿಂದ ಚೀನೀಯರು ಕೂಗುವುದು 'ಲಾಯ್ ಲ, ಲಾಯ್ ಲ'; ನಾವು ಇನ್ನೂ ಎದ್ದೇ ಇರುವುದಿಲ್ಲ, 'ಬಂದೆ, ಬಂದೆ' ಅನ್ನುತ್ತೇವೆ. ಬೀಳ್ಕೊಳ್ಳುವಾಗ ಅವರ 'ವೊ ತ್ಸೌ ಲ'ಗೆ ನಮ್ಮ 'ನಾನಿನ್ನು ಹೊರಟೆ'. ವಾಕ್ಯದ ಕೊನೆಯ 'ಲ' ಹುಟ್ಟಿದ್ದೇ 'ಲಾಯ್', ಅಂದರೆ ಬಾ ಎಂಬ ಪದ ಸವೆದು ಎಂಬುದು ಭಾಷಾಶಾಸ್ತ್ರಜ್ಞ ಝಾವ್ ಯ್ವಾನ್‌ರೆನ್ ಅವರ ಅಭಿಪ್ರಾಯ. ಕನ್ನಡ ಬಲ್ಲವನು ಇದನ್ನು ಹುಟ್ಟಿನಿಂದ ಆಡಿಕೊಂಡು ಬಂದಿದ್ದಾನೆ. ನಾನು ಮಾತ್ರ ಶಾಲೆಯ ಇಂಗ್ಲಿಷ್ ವ್ಯಾಕರಣ ಹಿಡಿದು ಹೋಗಿದ್ದೆ.

ಹಾಗಂತ ಕನ್ನಡ ಎಲ್ಲ ಕಡೆಯೂ ಜೊತೆಗೆ ಬರುವುದಿಲ್ಲ. ಬೆಲೆ ಜಾಸ್ತಿಯಾಯಿತು ಎನ್ನಲು 'ಥಾಯ್ ಗ್ವೇಯ್ ಲ' ಅನ್ನುತ್ತಾರೆ, ಅಲ್ಲಿ ಹೇಗೋ ಹೊಂದುತ್ತದೆ. ಆದರೆ 'ಸಹಿಸಲಾಗದು' ಎನ್ನುವ 'ಷೌ ಬು ಲ್ಯಾವ್'ನಲ್ಲಿ ಅದೇ 2 ಗೆರೆಯ ಅಕ್ಷರ 'ಲ್ಯಾವ್' ಎಂದು ಉಚ್ಚಾರ ಬದಲಿಸಿ ಕೂತಿರುತ್ತದೆ. ಜೋರಾಗಿ ಓದುವಾಗ ಈಗಲೂ ಅಲ್ಲಿ ಮುಗ್ಗರಿಸುತ್ತೇನೆ.

ಇನ್ನು ಎರಡೂ 'ಲ' ಒಂದೇ ವಾಕ್ಯದಲ್ಲಿ ಬರುವ ಸಂದರ್ಭ. 'ಜು ಲ ಹಾವ್ ಜಿ ನ್ಯೆನ್ ಲ' ಎಂದರೆ ಹಲವು ವರ್ಷದಿಂದ ಇಲ್ಲಿದ್ದೇನೆ, ಈಗಲೂ ಇದ್ದೇನೆ. ಕೊನೆಯ 'ಲ' ಬಿಟ್ಟರೆ, ಹಲವು ವರ್ಷ ಇದ್ದೆ ಎಂದಷ್ಟೇ ಕೇಳಿಸುತ್ತದೆ. ಮೊನ್ನೆ ಹಣ್ಣಿನಂಗಡಿಯಾಕೆ ಗ್ವಾಂಗ್‌ಝೌನಲ್ಲಿ ಎಷ್ಟು ಕಾಲದಿಂದ ಇದ್ದೀರಿ ಎಂದು ಕೇಳಿದಳು. ಲೀಚಿ ಆರಿಸುವ ಗಡಿಬಿಡಿಯಲ್ಲಿ ಕೊನೆಯದನ್ನು ನುಂಗಿ ಉತ್ತರಿಸಿದೆ. ಆಕೆ ತಕ್ಕಡಿಯಿಂದ ತಲೆಯೆತ್ತದೆ ಕೇಳಿದಳು: "ಹೌದಾ? ಈಗ ಯಾವ ಊರಲ್ಲಿದ್ದೀರಿ?"