ಮುಳ್ಳಯ್ಯನಗಿರಿಗೆ ಬೆನ್ನು ಹಾಕಿದ ಕ್ಯಾಮೆರಾ

ಚಿಕ್ಕಮಗಳೂರು ಜಿಲ್ಲೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಫೋಟೊ ತೆಗೆಸಿಕೊಂಡಿರುವುದು ಮುಳ್ಳಯ್ಯನಗಿರಿ ಎಂದರೆ ಯಾರೂ ತಕರಾರು ಮಾಡಲಾರರು. 1,930 ಮೀಟರ್ ಎತ್ತರದ ಈ ಶಿಖರದ ಚಿತ್ರಗಳಲ್ಲಿ ಮಂಜು, ಮೆಟ್ಟಿಲು, ಎರಡೂ ಕೈ ಚಾಚಿ ನಿಂತ ಒಬ್ಬ ಮನುಷ್ಯ ಇರುತ್ತಾನೆ. ಮನುಷ್ಯ ಮಾತ್ರ ಬದಲಾಗುತ್ತಾನೆ. ಶನಿವಾರ-ಭಾನುವಾರ ಅಲ್ಲಿಗೆ ಹತ್ತುವ ಕಾರುಗಳ ಸಾಲು ಬೆಟ್ಟದ ಕೆಳಗಿನ ತೋಟ, ಸಂತೆ, ಬಸ್‌ಸ್ಟ್ಯಾಂಡುಗಳ ಎದುರು ನಿಲ್ಲದೆ ಹೋಗುತ್ತದೆ. ಜಿಲ್ಲೆಯ ನಿಜವಾದ ಚಿತ್ರಗಳಿರುವುದು ಅಲ್ಲೇ.

ಕಾಫಿ ತೋಟದ ಚಿತ್ರಕ್ಕೆ ಋತು ಶುರುವಾಗುವುದು ಹೂಮಳೆಯಿಂದ. ಫೆಬ್ರವರಿ-ಮಾರ್ಚ್ ಹೊತ್ತಿಗೆ ಒಂದು ಒಳ್ಳೆಯ ಮಳೆ ಬಿದ್ದರೆ, ಇಲ್ಲವೇ ಸ್ಪ್ರಿಂಕ್ಲರ್ ಹಾಕಿದರೆ, ಎಂಟು-ಹತ್ತು ದಿನದಲ್ಲಿ ಗಿಡಗಳು ಬೆಳ್ಳಗಾಗುತ್ತವೆ. ಮೂರು-ನಾಲ್ಕು ದಿನಕ್ಕೆ ಹೂ ಕಂದುತ್ತದೆ. ಗೊಂಚಲನ್ನು ಹತ್ತಿರದಿಂದ ತೆಗೆಯುವಾಗ ಕ್ಯಾಮೆರಾದ ಮೀಟರು ಅಷ್ಟು ಬಿಳುಪು ಕಂಡು ಬೆಳಕು ತಗ್ಗಿಸುತ್ತದೆ, ಹೂವೆಲ್ಲ ಬೂದಿಯಾಗುತ್ತದೆ. ಒಂದು ಸ್ಟಾಪ್ ಹೆಚ್ಚಿಗೆ ಬೆಳಕು ಕೊಟ್ಟರೆ ಸರಿಹೋಗುತ್ತದೆ.

ಹೂವಿಗಿಂತ ಕೊಯ್ಲಿನ ಕಾಲವೇ ಮೇಲು. ನವೆಂಬರಿನಿಂದ ಅರೇಬಿಕಾ, ಅದು ಮುಗಿಯುವ ಹೊತ್ತಿಗೆ ರೋಬಸ್ಟಾ. ಸಂಜೆ ತೂಕದ ಜಾಗದಲ್ಲಿ ನಿಂತರೆ ಸಾಕು. ಸೀರೆಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿದ ಹೆಂಗಸರು ಹಣ್ಣನ್ನು ಟಾರ್ಪಾಲಿನ ಮೇಲೆ ಸುರಿದು, ಎಲೆ, ಹಸಿರು ಕಾಯಿ ಆರಿಸಿ ಮತ್ತೆ ಚೀಲಕ್ಕೆ ತುಂಬುತ್ತಾರೆ. ರೈಟರು ತಕ್ಕಡಿಯ ಮುಳ್ಳು ನೋಡಿ ಕಿಲೊ ಕೂಗಿ ಪುಸ್ತಕದಲ್ಲಿ ಬರೆಯುತ್ತಾರೆ. ಅವರು ತಲೆ ತಗ್ಗಿಸಿ ಬರೆಯುವಷ್ಟರಲ್ಲಿ ಚೀಲದ ಒಡತಿ ಮುಳ್ಳನ್ನು ತಾನೂ ಒಮ್ಮೆ ನೋಡಿಕೊಳ್ಳುತ್ತಾಳೆ. ತೆಗೆಯಬೇಕಾದ್ದು ಆ ಕ್ಷಣ. ಫ್ಲಾಶ್ ಹಾಕಿದರೆ ಕೆಟ್ಟಿತು. ಎಲ್ಲರೂ ಗ್ರೂಪ್ ಫೋಟೊಕ್ಕೆಂಬಂತೆ ನೆಟ್ಟಗೆ ನಿಂತುಬಿಡುತ್ತಾರೆ. ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನವರೂ ಇದ್ದಾರೆ. ಅವರನ್ನಾಗಲಿ ಊರಿನವರನ್ನಾಗಲಿ ಕೇಳದೆ ತೆಗೆಯುವುದು ತಪ್ಪು, ಕೇಳಿ ತೆಗೆದ ಮೇಲೆ ಪ್ರಿಂಟು ತಲುಪಿಸದಿರುವುದು ಇನ್ನೂ ದೊಡ್ಡ ತಪ್ಪು.

ಮೂಡಿಗೆರೆಯಲ್ಲಿ ಕ್ಯಾಮೆರಾದ ಮಾತೆತ್ತಿದರೆ ಅದು ಪೂರ್ಣಚಂದ್ರ ತೇಜಸ್ವಿಯವರ ಕಡೆ ತಿರುಗುತ್ತದೆ, ತಿರುಗಿದ ಮೇಲೆ ಬೇಗ ವಾಪಸು ಬರುವುದಿಲ್ಲ. ಕುವೆಂಪು ಅವರ ಮಗ, ಕನ್ನಡ ಎಂ.ಎ. ಓದಿಯೂ ಮೇಷ್ಟರ ಕೆಲಸ ಹಿಡಿಯದೆ ತೋಟ ಮಾಡಲು ಬಂದವರು. ಸ್ಕೂಟರ್ ಬಿಚ್ಚುವುದು, ಗಾಳ ಹಿಡಿದು ಹೊಳೆಯ ದಂಡೆಯಲ್ಲಿ ಕೂರುವುದು, ಕಂಪ್ಯೂಟರಿಗೆ ಕನ್ನಡ ಕಲಿಸಲು ಹೆಣಗುವುದು, ಇವೆಲ್ಲದರ ನಡುವೆ ‘ಕರ್ವಾಲೊ’ ಕಾದಂಬರಿ. ಹಕ್ಕಿಗಾಗಿ ಗಂಟೆಗಟ್ಟಲೆ ಕಾಯುವ ತಾಳ್ಮೆಯಿದ್ದ ಈ ಮನುಷ್ಯನಿಗೆ ಸಭೆ-ಸಮಾರಂಭದಲ್ಲಿ ಕೂರುವ ತಾಳ್ಮೆ ಇರಲಿಲ್ಲ ಎನ್ನುವುದು ಎಲ್ಲರಿಗೂ ಗೊತ್ತು. ‘ಮಾಯೆಯ ಮುಖಗಳು’ ಪುಸ್ತಕದ ಪುಟ ತಿರುಗಿಸಿದವರಿಗೆ ಅವರು ಕಣ್ಣೆದುರಿನ ಜೀವಗಳನ್ನು ಎಷ್ಟು ಹತ್ತಿರದಿಂದ ನೋಡುತ್ತಿದ್ದರೆಂಬುದು ತಿಳಿಯುತ್ತದೆ. 2007ರ ಏಪ್ರಿಲ್ 5ರಂದು ಅವರು ತೀರಿಕೊಂಡರು. ಕೊಟ್ಟಿಗೆಹಾರದಲ್ಲಿ ಅವರ ಹೆಸರಿನ ಪ್ರತಿಷ್ಠಾನವಿದೆ. ಅಭಿಮಾನಿಗಳಲ್ಲಿ ಅನೇಕರು ದುಬಾರಿ ಲೆನ್ಸ್ ಕೊಂಡು ಸೀದಾ ಹುಲಿ ಹುಡುಕಿಕೊಂಡು ಹೋಗುತ್ತಾರೆ. ಹಿತ್ತಲಿನ ಪಿಕಳಾರವನ್ನು ಕೇಳುವವರಿಲ್ಲ.

ಹತ್ತಿರದ್ದನ್ನು ನೋಡಲು ಕೆಲವು ಊರಿನ ಕ್ಯಾಮೆರಾಗಳಿಗೆ ಒಂದು ನೆಪ ಸಿಗುತ್ತದೆ. ಇಂಗ್ಲೆಂಡಿನ ಹಾವರ್ತ್ ಊರಿನ ಹಳೆಯ ರೈಲುಮಾರ್ಗವನ್ನು ಉತ್ಸಾಹಿಗಳು 1968ರಲ್ಲಿ ಮತ್ತೆ ತೆರೆದು ಇಂದಿಗೂ ಉಗಿಬಂಡಿ ಓಡಿಸುತ್ತಾರೆ. ಅದರ ನೆಪದಲ್ಲಿ ಸುತ್ತಲಿನ ಬೀದಿ, ಅಂಗಡಿಗಳೂ ಫೋಟೊಕ್ಕೆ ಬೀಳುತ್ತವೆ. ಚಿಕ್ಕಮಗಳೂರಿಗೆ ಆ ಭಾಗ್ಯವಿಲ್ಲ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹಿಂದೆ ಓಡುತ್ತಿದ್ದ ಕಿರುಗೇಜಿನ ರೈಲು ಯಾವತ್ತೋ ಹೋಯಿತು. ಜಿಲ್ಲಾ ಕೇಂದ್ರಕ್ಕೆ ಕಡೂರಿನಿಂದ ರೈಲು ಬಂದದ್ದೇ 2013ರಲ್ಲಿ. ಮೂಡಿಗೆರೆಯವರು ಇಂದಿಗೂ ರೈಲು ಹತ್ತಲು ಸಕಲೇಶಪುರಕ್ಕೆ ಹೋಗುತ್ತಾರೆ. ಕಳಸಕ್ಕೆ ಹಳಿಯೇ ಇಲ್ಲ.

ಇಲ್ಲಿ ಜೋಪಾನ ಮಾಡಬೇಕಿದ್ದುದು ಬಸ್ಸು. ಕೊಪ್ಪದಲ್ಲಿ ಕಾರ್ಮಿಕರೇ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆಯಲ್ಲಿ ಚಾಲಕ, ಕಂಡಕ್ಟರುಗಳೇ ಮಾಲೀಕರಾಗಿದ್ದರು. ಬೇರೆ ಬಸ್ಸು ಹೋಗದ ಹಳ್ಳಿಗಳಿಗೆ ಅದು ಹೋಗುತ್ತಿತ್ತು. ಶಾಲೆಯ ಮಕ್ಕಳು, ಅಡಿಕೆ ಮೂಟೆ, ಆಸ್ಪತ್ರೆಗೆ ಹೊರಟವರು, ಎಲ್ಲರಿಗೂ ಅದೇ ಗತಿ. 2020ರ ಫೆಬ್ರವರಿಯಲ್ಲಿ ಅದು ನಿಂತುಹೋಯಿತು. ಸುಮಾರು ಮೂವತ್ತು ವರ್ಷ ಬಾಗಿಲಿಗೇ ಬರುತ್ತಿದ್ದ ಬಸ್ಸಿನ ಫೋಟೊವನ್ನು ಆ ಮನೆಯವರು ತೆಗೆದಿಟ್ಟದ್ದು ಕಡಿಮೆ. ದಿನಾ ಬರುವುದನ್ನು ಯಾರು ತೆಗೆಯುತ್ತಾರೆ?

ಕಳಸದ ಕಡೆಯಿಂದ ಪತ್ರಿಕೆಗಳಿಗೆ ಬರುವ ಖಾಯಂ ಚಿತ್ರವೊಂದಿದೆ: ಭದ್ರೆ ಉಕ್ಕಿ ಹೊರನಾಡಿನ ದಾರಿಯ ಹೆಬ್ಬಾಳೆ ಸೇತುವೆ ಮುಳುಗಿದ್ದು. ದಡದಲ್ಲಿ ಕೊಡೆ ಹಿಡಿದು, ನೀರು ಇಳಿಯಲೆಂದು ಕಾಯುತ್ತ, ಕಾಲಿನ ಇಂಬಳ ಕೀಳುತ್ತ ನಿಂತವರ ಚಿತ್ರ ಬರುವುದಿಲ್ಲ. ಮಳೆಗಾಲದಲ್ಲಿ ಕ್ಯಾಮೆರಾ ಹೊರಗೆ ತೆಗೆಯಲು ಜನ ಹೆದರುವುದೂ ಸಹಜ. ಈ ತೇವಕ್ಕೆ ಲೆನ್ಸಿನ ಒಳಗೇ ಬೂಷ್ಟು ಬಲೆ ನೇಯುತ್ತದೆ. ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಉಳಿಯುತ್ತದೆ, ಬೀರುವಿನಲ್ಲಿಟ್ಟದ್ದು ಉಳಿಯುವುದಿಲ್ಲ. ಆಲ್ಬಮ್ಮಿಗೂ ಇದೇ ಮಾತು.

ಮನೆಯಲ್ಲಿ ಸಹಕಾರ ಸಾರಿಗೆ ಬಸ್ಸಿನ, ಹಳೆಯ ಸಂತೆಯ, ಕಣದ, ತೂಕದ ಫೋಟೊ ಇದ್ದವರು ಈ ಮಳೆಗಾಲಕ್ಕೆ ಮೊದಲೇ ಅವನ್ನು ಹೊರತೆಗೆದು, ಹಿಂಬದಿಯಲ್ಲಿ ಊರು, ಇಸವಿ, ನಿಂತವರ ಹೆಸರು ಬರೆದಿಡಬೇಕು. ಮೆತ್ತನೆಯ ಪೆನ್ಸಿಲ್ಲಿನಲ್ಲೇ ಬರೆಯಬೇಕು. ಪೆನ್ನಿನ ಮಸಿ ಇಲ್ಲಿನ ತೇವಕ್ಕೆ ಹರಡುತ್ತದೆ.