ಸೊನ್ನೆಗಿಂತ ಕೆಳಗೆ



ಶ್ರಾವಣದ ಜಾತ್ರೆಗೆಂದು ಬಸವನ ಬಾಗೇವಾಡಿಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ನಮ್ಮ ಮನೆಗೂ ಬಂದಿದ್ದ. ಬೆಂಗಳೂರಿನಲ್ಲಿ ಲಿನಕ್ಸ್ ಸರ್ವರ್‌ಗಳ ಸುರಕ್ಷತೆ ಅವನ ಉದ್ಯೋಗ. ಅದೇನೆಂದು ಕೇಳಿದೆ, ಚಹಾ ಆರಿಹೋಗುವವರೆಗೆ ಹೇಳಿದ.

ಗಣಕದ ಕಾರ್ಯಾಚರಣ ವ್ಯವಸ್ಥೆಯ ತಿರುಳಿಗೆ ಕರ್ನೆಲ್ ಎಂದು ಹೆಸರು. ಅದು ನಡೆಯುತ್ತಿರುವಾಗಲೇ ಒಳಗಿನ ಆಗುಹೋಗುಗಳನ್ನು ಗಮನಿಸಿ ಎಣಿಸುವ ಸಾಧನಗಳಿವೆ. 2004ರಲ್ಲಿ ಲಿನಕ್ಸ್ ಸೇರಿದ ಕೆಪ್ರೋಬ್ಸ್ ಅಂಥದೊಂದು. ಅದರ ಕರ್ತೃಗಳಲ್ಲಿ ಐಬಿಎಂನ ಭಾರತ ಶಾಖೆಯ ವಂಶಿ ಕೃಷ್ಣ, ಪ್ರಸನ್ನ ಪಂಚಮುಖಿ ಇದ್ದರು. (ಪಂಚಮುಖಿ ಎಂಬ ಅಡ್ಡಹೆಸರು ನಮ್ಮ ಕಡೆಗೂ ಪರಿಚಿತವಷ್ಟೆ.) ಪರ್ಫ್ ಎಂಬುದು ಇನ್ನೊಂದು. ಕಾವಲಿಗಿಟ್ಟ ಕಣ್ಣೇ ಕನ್ನವಾದದ್ದು ಈ ಪರ್ಫ್‌ನಲ್ಲಿ.

ಯಾವ ಘಟನೆಯನ್ನು ಎಣಿಸಬೇಕೆಂಬುದನ್ನು ಬಳಕೆದಾರ ಒಂದು ಸಂಖ್ಯೆಯಿಂದ ತಿಳಿಸುತ್ತಾನೆ. ಆಗ ಸಲ್ಲುತ್ತಿದ್ದವು 0ಯಿಂದ 8. ಒಂಬತ್ತು ಅಥವಾ ಅದಕ್ಕೂ ಹೆಚ್ಚಾದರೆ ತಿರಸ್ಕರಿಸು ಎಂದು ಬರೆದಿದ್ದರು. ಆದರೆ ಆ ಸಂಖ್ಯೆಯನ್ನು ಋಣಚಿಹ್ನೆಗೂ ಎಡೆಯಿರುವ ಪೂರ್ಣಾಂಕವಾಗಿ ಇಟ್ಟುಕೊಂಡಿದ್ದರು. −1 ಒಂಬತ್ತಕ್ಕಿಂತ ಚಿಕ್ಕದಲ್ಲವೇ? ದಾಟಿತು. ಕರ್ನೆಲ್ ಅದನ್ನೇ ಸ್ಥಾನವೆಂದು ನಂಬಿ, ಪಟ್ಟಿಯ ಹೊರಗಿನ ಸ್ಮೃತಿಯಲ್ಲಿ ಎಣಿಕೆ ಏರಿಸಿತು, ಇಳಿಸಿತು. ಅದನ್ನು ಜಾಣತನದಿಂದ ಬಳಸಿದ ಸಾಮಾನ್ಯ ಬಳಕೆದಾರ ಇಡೀ ಯಂತ್ರಕ್ಕೆ ಒಡೆಯನಾಗಬಹುದಿತ್ತು.

2011ರ ಜನವರಿಯಲ್ಲಿ ಹೊರಬಂದ 2.6.37 ಆವೃತ್ತಿಯಿಂದಲೂ ಈ ದೋಷವಿತ್ತು. ಟ್ರಿನಿಟಿ ಎಂಬ ತಂತ್ರಾಂಶದಿಂದ ಕರ್ನೆಲ್‌ನತ್ತ ಅಡ್ಡಾದಿಡ್ಡಿ ಕೋರಿಕೆಗಳನ್ನು ಎಸೆದು ನೋಡುತ್ತಿದ್ದ ಟೊಮ್ಮಿ ರಂತಾಲ ಅದನ್ನು ಕಂಡು, 2013ರ ಏಪ್ರಿಲ್‌ನಲ್ಲಿ ತಿದ್ದಿದರು. ಋಣಸಂಖ್ಯೆಗೆ ಎಡೆಯಿಲ್ಲದ ಬಗೆಗೆ ಬದಲಿಸಿದ್ದು, ಒಂದೇ ಪದ! ಮೇ ತಿಂಗಳಲ್ಲಿ ದಾಳಿಯ ಕ್ರಮವಿಧಿಯೂ ಬಹಿರಂಗವಾಯಿತು. ದೋಷದ ದಾಖಲೆ ಸಂಖ್ಯೆ ಸಿವಿಇ-2013-2094.

ಇಷ್ಟು ಹೇಳಿ ಅವನು ನಕ್ಕ. ನಾನು ನಗಲಿಲ್ಲ. ಸಿಂದಗಿ ತಾಲ್ಲೂಕಿನಲ್ಲಿದ್ದಾಗ, ತಪಾಸಣೆಯ ಹಿಂದಿನ ದಿನ, ‘ಕ್ಷ ಒಂಬತ್ತಕ್ಕಿಂತ ಚಿಕ್ಕ ಪೂರ್ಣಾಂಕ, ಬೆಲೆಗಳಾವುವು?’ ಎಂದು ಕೇಳಿ, ನಾನೇ ಹಲಗೆಯ ಮೇಲೆ 0ಯಿಂದ 8ರವರೆಗೆ ಬರೆದಿದ್ದೆ. ಮೂರನೆಯ ಬೆಂಚಿನಿಂದ ಒಬ್ಬ ಎದ್ದ:

“ಸರ್, ಸೊನ್ನಿಗಿಂತ ಸಣ್ಣವು ಬರಾಂಗಿಲ್ಲೇನ್ರಿ?”

“ಸುಮ್ಮ ಕೂಡಪಾ, ನಾಳೆ ಸಾಹೇಬ್ರು ಬರ್ತಾರ.”

ಕೂತ. ಹಲಗೆಯನ್ನು ನಾನು ತಿದ್ದಲಿಲ್ಲ. ನಲವತ್ತು ಮಕ್ಕಳು ಆ ತಪ್ಪನ್ನೇ ವಹಿಗಿಳಿಸಿಕೊಂಡರು.

“ನೀನೇ ಅಲ್ಲವೇನೋ ಅವತ್ತು ಎದ್ದವನು?” ಎಂದೆ.

“ನಾ ಅಲ್ರಿ ಸರ್, ನನ್ನ ಬಾಜೂ ಕೂಡ್ತಿದ್ದಾಂವ. ಹತ್ತನೇತ್ತಾಗ ಗಣಿತ ಹೋತು, ಸಾಲಿ ಬಿಟ್ಟ. ಈಗ ಇಂಡ್ಯಾಗ ನಿಂಬಿ ವ್ಯಾಪಾರ ಮಾಡ್ತಾನ.”

ಫೋನ್ ನಂಬರು ಕೇಳಿ ಬರೆದುಕೊಂಡಿದ್ದೇನೆ. ಇನ್ನೂ ಕರೆ ಮಾಡಿಲ್ಲ.